ನಲ್ಲಿಯ ಮುಂದಿನ ಧನಚಿಹ್ನೆ

ಬಂಗಾರಪೇಟೆ,
ಭಾನುವಾರ, ೧೮-೧೦-೧೯೬೪

ಚಿ|| ಮುನಿನಾರಾಯಣನಿಗೆ ಅಕ್ಕ ಗಂಗರತ್ನಮ್ಮನ ಆಶೀರ್ವಾದ.

ನಿನ್ನ ಕಾಗದವೂ ಅದರ ಜೊತೆ ಪಿನ್ನು ಹಾಕಿ ಕಳಿಸಿದ್ದ ಲೇಖನವೂ ಗೌರಿಹಬ್ಬದ ಹಿಂದಿನ ದಿನವೇ ಕೈಸೇರಿದವು. ಉತ್ತರ ಬರೆಯಲು ಇಷ್ಟು ತಡವಾದದ್ದಕ್ಕೆ ಕ್ಷಮಿಸು ಎಂದು ಬರೆಯಬೇಕಲ್ಲ, ಬರೆದಿದ್ದೇನೆ. ಪರೀಕ್ಷೆಯ ಪೇಪರು ತಿದ್ದುವುದಿತ್ತು ಎನ್ನುವುದೂ ನಿಜವೇ. ಆದರೆ ತಡಕ್ಕೆ ಕಾರಣ ಅದಲ್ಲ. ಪೆನ್ನು ಹಿಡಿದಾಗಲೆಲ್ಲ ಬೈಗುಳವೇ ಬರುತ್ತಿತ್ತು. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವವಳು ಕಾಗದದ ಮೇಲೆ ಅಂಥ ಮಾತು ಇಳಿಸಬಾರದೆಂದು ಸಿಟ್ಟು ತಣಿಯುವವರೆಗೆ ಕಾಯೋಣವೆಂದುಕೊಂಡೆ. ಅದು ತಣಿಯುವ ಲಕ್ಷಣ ಕಾಣಲಿಲ್ಲ. ಹಾಗಾಗಿ ಇವತ್ತು ಬೆಳಿಗ್ಗೆ ಕುಳಿತಿದ್ದೇನೆ.

ಇಲ್ಲಿ ನನ್ನ ಮಂಡಿನೋವು ಹಾಗೆಯೇ ಇದೆ. ಬೂದಿಕೋಟೆಯ ಹೊಲದಲ್ಲಿ ರಾಗಿ ಚೆನ್ನಾಗಿ ಬಂದಿದೆಯಂತೆ, ಚಿಕ್ಕಪ್ಪ ಹೇಳಿಕಳಿಸಿದ್ದರು. ನಿನಗೆ ಬಂದ ಕಾಗದವನ್ನೆಲ್ಲ ನಿನ್ನ ಹೆಂಡತಿ ಒಡೆದು ಓದುತ್ತಾಳೆಂದು ಗೊತ್ತು. ಇದನ್ನೂ ಓದಲಿ. ಅವಳಿಂದ ಮುಚ್ಚಿಡುವಂಥದ್ದು ನನ್ನ ಹತ್ತಿರ ಏನೂ ಇಲ್ಲ.

ಮೊದಲು ಲೇಖನದ ಮಾತು. "ನಿರೀಕ್ಷೆಗೆ ವಿರುದ್ಧವಾದ ಚಿಹ್ನೆಗಳು" ಎಂದು ಹೆಸರಿಟ್ಟಿದ್ದೀಯ. ವಿಜ್ಞಾನದ ಮಾಸಪತ್ರಿಕೆಗೆ ಕೊಡಬೇಕು, ನಿನ್ನ ಕನ್ನಡ ನನ್ನದಕ್ಕಿಂತ ಚೆನ್ನಾಗಿದೆ, ತಿದ್ದಿಕೊಡು ಎಂದು ಕೇಳಿದ್ದೀಯ. ಅದರ ಕೆಳಗೆ, "ನೀನೇ ಯಂತ್ರದ ಹಿಡಿ ತಿರುಗಿಸಿದ ಲೆಕ್ಕವಲ್ಲವೇ ಅಕ್ಕ, ನಿನಗೂ ಹೆಮ್ಮೆಯಾಗುತ್ತದೆ" ಎಂದೂ ಸೇರಿಸಿದ್ದೀಯ. ನಮ್ಮ ತಂಗಿ ಕದಿರಿಯ ಮಗು ಮಣ್ಣಿಗೆ ಹೋಗಿ ಆಗಿನ್ನೂ ಎರಡು ತಿಂಗಳಾಗಿರಲಿಲ್ಲ. ಆ ಸಾಲನ್ನು ಬರೆಯುವಾಗ ನಿನ್ನ ಕೈ ಹೇಗೆ ಓಡಿತೋ ಕಾಣೆ.

ಕನ್ನಡವನ್ನು ತಿದ್ದಿದ್ದೇನೆ. ರಿಗ್ರೆಷನ್ನಿಗೆ "ಹಿಂಚಲನೆ" ಎಂದು ಬರೆದಿದ್ದೆ. ಓದುವವರು ರೈಲು ಹಿಂದಕ್ಕೆ ಹೋಗುವ ವಿಷಯವೆಂದು ತಿಳಿದಾರು. ರಿಗ್ರೆಷನ್ ಎಂದೇ ಇಟ್ಟಿದ್ದೇನೆ. ಸಹಗುಣಕ, ಧನಚಿಹ್ನೆ, ಋಣಚಿಹ್ನೆ ಎಲ್ಲ ಸರಿಯಾಗಿವೆ. ಆಮೇಲೆ ಈ ಮಾತು ಬರುತ್ತದೆ. ನೀನು ಮರೆತಿರಬಹುದೆಂದು ನಿನ್ನ ಮಾತನ್ನೇ ಇಳಿಸುತ್ತಿದ್ದೇನೆ: "ಒಂದು ಬಡಾವಣೆಯ ಆರೋಗ್ಯ ಸಮೀಕ್ಷೆಯಲ್ಲಿ ನಲ್ಲಿ ನೀರಿನ ಸಹಗುಣಕವು ಧನವಾಗಿ ಬಂದು, ನಲ್ಲಿಯಿದ್ದ ಮನೆಗಳಲ್ಲೇ ರೋಗ ಹೆಚ್ಚೆಂಬ ಹಾಸ್ಯಾಸ್ಪದ ಅರ್ಥಕ್ಕೆ ಎಡೆಮಾಡಿತು. ಇಂಥಲ್ಲಿ ಅನುಭವಿಯಾದ ವಿಶ್ಲೇಷಕನು ಆ ಚರವನ್ನು ಕೈಬಿಟ್ಟು ಲೆಕ್ಕವನ್ನು ಶುದ್ಧಗೊಳಿಸುತ್ತಾನೆ."

ಹಾಸ್ಯಾಸ್ಪದ. ಆ ಪದವನ್ನು ನಾನು ಮುಟ್ಟಿಲ್ಲ. ಕಾಗುಣಿತ ಸರಿಯಾಗಿದೆ.

ಆ ಬಡಾವಣೆಗೆ ಹೆಸರಿಲ್ಲವೇ? ಅಶ್ವತ್ಥಪ್ಪನ ಲೈನು ಎಂದು ಬರೆಯಲು ಏನಾಗಿತ್ತು? ಚಿನ್ನದ ಗಣಿಯವರು ಕೊಡುವ ಮನೆ ಸಿಗದವರಿಗೆಂದು ಕಂಟ್ರಾಕ್ಟರ್ ಅಶ್ವತ್ಥಪ್ಪ ನಂದಿದುರ್ಗದ ಆಚೆ, ಕ್ಯಾಸಂಬಳ್ಳಿ ರಸ್ತೆಯ ಮಗ್ಗುಲಲ್ಲಿ ಕಟ್ಟಿಸಿದ ಬಾಡಿಗೆ ಮನೆಗಳ ಸಾಲುಗಳು. ಮೊದಲನೆಯ ಸಾಲಿನಲ್ಲಿ ನಿನ್ನ ಮಾವನ ಮನೆ, ಎರಡನೆಯದರಲ್ಲಿ ನಿನ್ನ ಸ್ವಂತ ತಂಗಿ ಕದಿರಮ್ಮನ ಮನೆ. ನೀನು ಹೆಣ್ಣು ನೋಡಲು ಹೋದಾಗಲೇ ಸೊಣ್ಣಪ್ಪನನ್ನೂ ನೋಡಿ, ಮರದ ಯಾರ್ಡಿನಲ್ಲಿ ಖಾಯಂ ಕೆಲಸ ಇದೆ, ಹುಡುಗ ಸಾಧು ಎಂದು ನೀನೇ ಕದಿರಿಗೆ ಒಪ್ಪಿಸಿದ್ದು. ನಿನ್ನ ಲೇಖನದಲ್ಲಿ ಇವರೆಲ್ಲ "ಒಂದು ಬಡಾವಣೆ" ಆಗಿಬಿಟ್ಟರು.

ಹೋದ ವರ್ಷದ ಬೇಸಿಗೆಯನ್ನು ನಿನಗೆ ನೆನಪು ಮಾಡಿಕೊಡುತ್ತೇನೆ. ನಿನ್ನ ಲೇಖನದಲ್ಲಿ ಅದು ಬಂದಿರುವ ರೀತಿ ನೋಡಿದರೆ ನಿನಗೆ ನೆನಪಿನ ತೊಂದರೆ ಇದೆ.

ಬೆಂಗಳೂರಿನ ಆಫೀಸಿನಿಂದ ಸಮೀಕ್ಷೆಯ ಹಾಳೆಗಳ ಜೊತೆ ಲೆಕ್ಕದ ಯಂತ್ರವನ್ನು ಗೋಣಿಯಲ್ಲಿ ಸುತ್ತಿ ರೈಲಿನಲ್ಲಿ ತಂದಿದ್ದೆ. ಆಫೀಸಿನಲ್ಲಿ ಗಲಾಟೆ, ಅಕ್ಕನ ಮನೆಯಲ್ಲಿ ತಣ್ಣಗೆ ಕೂತು ಮಾಡೋಣ ಎಂದೆ. ನಡುಮನೆಯಲ್ಲಿ ಚಾಪೆ ಹಾಸಿ ನಾನು ಹಿಡಿ ತಿರುಗಿಸುವುದು, ನೀನು ಬರೆದುಕೊಳ್ಳುವುದು. ನಾನು ಗಣಿತದ ಬಿ.ಎಸ್ಸಿ., ಸಂಖ್ಯಾಶಾಸ್ತ್ರ ನನಗೆ ಬರುತ್ತಿರಲಿಲ್ಲ. ನೀನೇ ಕಲಿಸಿದೆ. ಚೆನ್ನಾಗಿಯೇ ಕಲಿಸಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಒಂದು ಮನೆಯಲ್ಲಿ ಭೇದಿ ಎಷ್ಟು ದಿನ ಕಾಡಿತು ಎನ್ನುವುದಕ್ಕೆ ಹಲವು ಕಾರಣ ಇರುತ್ತವೆ, ಕೋಣೆಗೆ ಎಷ್ಟು ಜನ, ಪಾಯಿಖಾನೆ ಎಷ್ಟು ದೂರ, ತಾಯಿಗೆ ಓದು ಬರುತ್ತದೆಯೇ, ನೀರು ನಲ್ಲಿಯದೋ ಬಾವಿಯದೋ. ಉಳಿದದ್ದೆಲ್ಲ ಒಂದೇ ಸಮ ಇದ್ದಾಗ ಒಂದೊಂದರ ಪಾಲು ಎಷ್ಟೆಂದು ಬಿಡಿಸಿ ಹೇಳುವುದೇ ಈ ರಿಗ್ರೆಷನ್ ಲೆಕ್ಕ, ಆ ಪಾಲೇ ಸಹಗುಣಕ ಎಂದೆ. ಪ್ಲಸ್ ಬಂದರೆ ಅದು ರೋಗವನ್ನು ಹೆಚ್ಚಿಸುವ ಕಡೆ, ಮೈನಸ್ ಬಂದರೆ ಇಳಿಸುವ ಕಡೆ. ಎರಡು ವಾರ ತಿರುಗಿಸಿ ನನ್ನ ಭುಜ ಬಿದ್ದುಹೋಗಿತ್ತು. ಕೊನೆಗೆ ನಲ್ಲಿಯ ಸಂಖ್ಯೆ ಬಂತು. ನೀನು ಅದನ್ನು ಬರೆಯಲೇ ಇಲ್ಲ, ಪೆನ್ಸಿಲ್ ಹಿಡಿದು ನೋಡುತ್ತ ಕೂತೆ.

"ಅಕ್ಕಾ, ಎಲ್ಲೋ ತಪ್ಪೋಗೈತೆ. ನಲ್ಲಿಗೆ ಮೈನಸ್ ಬರ್ಬೇಕು. ಪ್ಲಸ್ ಬಂದೈತೆ."

"ತಿರ್ಗಾ ಮಾಡೋಣ, ಬಾ."

ಮತ್ತೆ ಮಾಡಿದೆವು. ಪ್ರತಿ ಸಾಲಿನ ಕೂಡಿಕೆಯೂ ತಾಳೆ ಬಂತು. ಪ್ಲಸ್ಸೇ. ನಲ್ಲಿಗೆ ಒಂದು, ಬಾವಿಗೆ ಸೊನ್ನೆ ಎಂದು ಬರೆದುಕೊಳ್ಳುವಲ್ಲಿ ತಿರುಗುಮುರುಗಾಗಿದೆಯೇ ಎಂದು ಕೇಳಿದವಳು ನಾನು. ಮನೆಮನೆಯ ಹಾಳೆ ತೆಗೆದು ನೋಡಿದೆವು, ಸರಿಯಾಗಿತ್ತು. ನಲ್ಲಿ ಇನ್ನೊಂದು ಕಾರಣದ ಜೊತೆ ಅಂಟಿಕೊಂಡು ಬಂದಿದ್ದರೆ ಎರಡನ್ನೂ ಬೇರ್ಪಡಿಸಲಾಗದೆ ಚಿಹ್ನೆ ತಲೆಕೆಳಗಾಗಬಹುದು, ಆದರೆ ಹಾಗಿದ್ದರೆ ಪ್ರಮಾಣದೋಷ, ಅಂದರೆ ಸಂಖ್ಯೆ ಎಷ್ಟು ಆಚೀಚೆ ಆಗಬಹುದೆಂಬ ಅಳತೆ, ಉಬ್ಬಿರಬೇಕು ಎಂದು ನೀನೇ ಹೇಳಿ ನೀನೇ ಭಾಗಿಸಿ ನೋಡಿದೆ. ಸಹಗುಣಕ ತನ್ನ ಪ್ರಮಾಣದೋಷದ ಮೂರರಷ್ಟಿತ್ತು, ಆಕಸ್ಮಿಕ ಎನ್ನುವಂತಿರಲಿಲ್ಲ. ಇನ್ನು ಉಳಿದದ್ದು ಎರಡು. ಒಂದು, ಮೊದಲೇ ರೋಗ ಹೆಚ್ಚಿದ್ದ ಸಾಲಿಗೇ ನಲ್ಲಿ ಹಾಕಿಸಿರಬಹುದು, ಆಗ ನಲ್ಲಿಯ ತಪ್ಪಿಲ್ಲ. ಇಲ್ಲವೇ ನೀರಿನಲ್ಲೇ ಏನೋ ಇದೆ. ಇದನ್ನು ಚಾಪೆಯ ಮೇಲೆ ಕೂತು ತೀರ್ಮಾನಿಸಲಾಗುವುದಿಲ್ಲ ಅಕ್ಕ, ಅಲ್ಲಿಗೇ ಹೋಗಿ ನೋಡಬೇಕು ಎಂದೆ. ನಿನ್ನ ಬಾಯಿಂದ ಬಂದ ಮಾತು ಇದು. ವಿರುದ್ಧ ಚಿಹ್ನೆ ಬಂದರೆ ಲೆಕ್ಕ ನಮ್ಮನ್ನು ಏನೋ ಕೇಳುತ್ತಿದೆ ಎಂದು ಅರ್ಥ ಎಂದಿದ್ದೆ. ನನಗೆ ಆಗ ನಿನ್ನ ಮೇಲೆ ಎಷ್ಟು ಅಭಿಮಾನ ಬಂದಿತ್ತೆಂದರೆ, ಅವತ್ತು ರಾಗಿರೊಟ್ಟಿಗೆ ಬೆಣ್ಣೆ ಹಾಕಿ ಕೊಟ್ಟೆ.

"ಹಂಗಾದ್ರೆ ಇವತ್ತೇ ಓಗು. ಮಾರಿಕುಪ್ಪಂ ರೈಲಿಗೆ ಕೂತ್ರೆ ಊಟದ ಒತ್ಗೆ ಅಲ್ಲಿರ್ತೀಯ" ಎಂದೆ.

"ಓಗ್ತೀನಿ ಕಣಕ್ಕಾ. ಸಾಯೇಬ್ರನ್ನ ಒಂದ್ ಮಾತು ಕೇಳ್ಬಿಟ್ಟು ಓಗ್ತೀನಿ."

ಸಾಹೇಬರನ್ನು ಕೇಳಲು ಬೆಂಗಳೂರಿಗೆ ಹೋದವನು ಮುಂದಿನ ಭಾನುವಾರ ಹೊಸ ಶರ್ಟು ಹಾಕಿಕೊಂಡು ಬಂದೆ. ಚಾಪೆಯ ಮೇಲೆ ಕೂರಲಿಲ್ಲ, ಕುರ್ಚಿಯ ಮೇಲೆ ಕೂತೆ. "ನಲ್ಲೀನ ತೆಗೀಬೇಕಂತೆ ಅಕ್ಕಾ" ಎಂದೆ. ನಲ್ಲಿ ನೀರಿನಿಂದ ರೋಗ ಬರುತ್ತದೆಂದು ಬರೆದರೆ ನಮ್ಮ ಉಳಿದ ಸಂಖ್ಯೆಗಳನ್ನೂ ಯಾರೂ ನಂಬುವುದಿಲ್ಲ ಎಂದರಂತೆ ಸಾಹೇಬರು. ಚಿಹ್ನೆ ತಪ್ಪಾಗಿ ಬಂದ ಚರವನ್ನು ಬಿಡುವುದು ಎಲ್ಲ ಕಡೆಯೂ ಇರುವ ಪದ್ಧತಿಯಂತೆ.

"ಅಲ್ಲಿಗೋಗಿ ನೋಡ್ದಾ?"

"ಟೈಮ್ ಎಲ್ಲೈತೆ ಅಕ್ಕಾ? ರಿಪೋರ್ಟು ಈ ತಿಂಗ್ಳೇ ಓಗ್ಬೇಕು."

ಈ ಸಲ ನಾನು ಹಿಡಿ ತಿರುಗಿಸಲಿಲ್ಲ. ನೀನೇ ತಿರುಗಿಸಿಕೊಂಡೆ. ಸಂಜೆಗೆ ಮುಗಿಸಿ ಕರೆದೆ, "ಬಾ ನೋಡು, ಈಗ ಎಲ್ಲಾ ಚಿಹ್ನೇನೂ ಸರಿಯಾಗ್ ಬಂದವೆ."

ನಾನು ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೊದಲನೆಯದರಲ್ಲಿ ತಾಯಿಯ ಓದಿನ ಪಾಲು ಇಷ್ಟೇ ಇಷ್ಟಿತ್ತು, ಇದ್ದೂ ಇಲ್ಲದಂತೆ. ಎರಡನೆಯದರಲ್ಲಿ ಅದು ಬೆಳೆದು ಎಲ್ಲಕ್ಕಿಂತ ದೊಡ್ಡದಾಗಿತ್ತು. ನಲ್ಲಿ ಮೊದಲು ಬಂದ ಸಾಲಿನಲ್ಲಿ ಓದು ಬಾರದ ತಾಯಂದಿರೇ ಹೆಚ್ಚಿದ್ದರಲ್ಲ, ನಲ್ಲಿಯನ್ನು ತೆಗೆದ ಕೂಡಲೇ ಅದರ ಪಾಪವೆಲ್ಲ ಅವರ ಲೆಕ್ಕಕ್ಕೆ ಬಂದು ಬಿತ್ತು.

"ಆ ಪ್ಲಸ್ಸು ಎಲ್ಲಿಗೋಯ್ತು?" ಎಂದು ಕೇಳಿದೆ.

"ತೆಗ್ದ್ ಮೇಲೆ ಇನ್ನೆಲ್ಲಿರ್ತದೆ?"

"ಇಲ್ಲೈತೆ ನೋಡು. ಓದು ಬರ್ದೇ ಇರೋ ತಾಯಿಗಳ ತಲೆ ಮ್ಯಾಲೆ ಕೂತೈತೆ."

ನೀನು ನಕ್ಕೆ. "ಅಕ್ಕಾ, ನೀನು ಸಂಖ್ಯೆನ ಮನುಷ್ಯರಂಗೆ ಮಾತಾಡಿಸ್ತೀಯ" ಎಂದು ಹೇಳಿ, ಯಂತ್ರಕ್ಕೆ ಗೋಣಿ ಸುತ್ತಿಕೊಂಡು ಸಂಜೆಯ ರೈಲು ಹಿಡಿದೆ. ಆ ನಗುವನ್ನು ನಾನು ಮರೆತಿಲ್ಲ.

ನಿನ್ನ ರಿಪೋರ್ಟು ಏನು ಹೇಳಿತು? ರೋಗಕ್ಕೆ ಮುಖ್ಯ ಕಾರಣ ತಾಯಂದಿರ ಅಜ್ಞಾನ, ಅಶುಚಿ. ಅವರಿಗೆ ಶುಚಿತ್ವದ ತಿಳಿವಳಿಕೆ ಕೊಡಬೇಕು, ನಲ್ಲಿಯನ್ನು ಉಳಿದ ಸಾಲುಗಳಿಗೂ ವಿಸ್ತರಿಸಬೇಕು. ಎರಡನ್ನೂ ಮಾಡಿದರು. ದೀಪಾವಳಿಯ ಹೊತ್ತಿಗೆ ಒಬ್ಬ ಹೆಂಗಸು ಬಂದು, ಲೈನಿನ ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿ ನೊಣದ ಚಿತ್ರ ತೋರಿಸಿದಳು. ಕದಿರಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಲ್ಲರಿಗಿಂತ ಮುಂದೆ ಕೂತಿದ್ದಳಂತೆ. ಕಾರ್ತಿಕದಲ್ಲಿ ಅವಳ ಸಾಲಿಗೆ ನಲ್ಲಿ ಬಂತು. ಅಶ್ವತ್ಥಪ್ಪ ಮೊದಲ ಸಾಲಿನ ಪೈಪಿಗೇ ಜೋಡಿಸಿ ಎಳೆಸಿದ್ದ. ಕದಿರಿ ನಲ್ಲಿಗೆ ಅರಿಸಿನ ಕುಂಕುಮ ಇಟ್ಟು, ನನ್ನನ್ನು ಕರೆಸಿ ತೋರಿಸಿದಳು.

"ನೋಡಕ್ಕಾ, ಇನ್ ಮ್ಯಾಲೆ ನಾನು ಬಾವೀಗೆ ಓಗಂಗಿಲ್ಲ. ನೀರು ಬಾಕ್ಲಿಗೇ ಬಂದೈತೆ. ಬೆಳಿಗ್ಗೆ ಒಂದ್ ಗಂಟೆ, ಸಾಯಂಕಾಲ ಒಂದ್ ಗಂಟೆ ಬಿಡ್ತಾರೆ."

ನಾನು ಅವಳ ಸಂತೋಷವನ್ನು ಅಲ್ಲೇ ಕೆಡಿಸಿದೆ. ಈ ನೀರು ಕುಡಿಯಬೇಡ, ಕುಡಿಯಲೇಬೇಕಾದರೆ ಕುದಿಸಿ ಕುಡಿ, ಲೆಕ್ಕದಲ್ಲಿ ಹೀಗೆ ಬಂದಿದೆ ಎಂದೆ. ಅವಳು ಮುಖ ಸಣ್ಣ ಮಾಡಿಕೊಂಡಳು. ಆದರೂ ಕುದಿಸಿದಳು. ಸಂಕ್ರಾಂತಿಯವರೆಗೂ ಕುದಿಸಿದಳು. ಆಮೇಲೆ ನಾನು ಹೋದಾಗ ಒಲೆಯ ಮೇಲೆ ನೀರಿನ ಪಾತ್ರೆ ಇರಲಿಲ್ಲ. ಯಾಕೆಂದು ಕೇಳಿದರೆ, "ಅಣ್ಣ ಬಂದಿತ್ತು. ಕೇಳ್ದೆ. ಅಕ್ಕನ್ ಮಾತು ಬಿಡು, ಲೆಕ್ಕದಾಗೆ ಅಂತಾದ್ದೇನೂ ಇಲ್ಲ, ಏನೂ ಆಗಕಿಲ್ಲ ಅಂತು" ಎಂದಳು.

ನಾನು ಶಾಲೆಯ ಟೀಚರು, ನೀನು ಬೆಂಗಳೂರಿನ ಆಫೀಸರು. ಅವಳು ಯಾರ ಮಾತು ಕೇಳಬೇಕಾಗಿತ್ತೋ ಅವರ ಮಾತು ಕೇಳಿದಳು.

ಈ ವರ್ಷ ಆಷಾಢದಲ್ಲಿ ಮಳೆ ಹಿಡಿಯಿತು. ಮೊದಲ ಸಾಲಿನಲ್ಲಿ ಎರಡು ಮನೆ, ಎರಡನೆಯ ಸಾಲಿನಲ್ಲಿ ಏಳೋ ಎಂಟೋ ಮನೆಯಲ್ಲಿ ವಾಂತಿಭೇದಿ. ಕದಿರಿಯ ಕನಕನಿಗೆ ಶುಕ್ರವಾರ ಶುರುವಾಯಿತು. ಐದು ವರ್ಷದ ಮಗು. ಸೊಣ್ಣಪ್ಪ ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಅಲ್ಲಿನವರು ಕೈಲಾದದ್ದೆಲ್ಲ ಮಾಡಿದರು, ಅವರನ್ನು ದೂರುವಂತಿಲ್ಲ. ನಾನು ಶನಿವಾರ ಬೆಳಗಿನ ಗಾಡಿಗೆ ಹೋದಾಗ ಮಗು ನನ್ನನ್ನು ಗುರುತು ಹಿಡಿಯಿತು. "ದೊಡ್ಡಮ್ಮಾ, ನೀರು" ಎಂದಿತು. ಕದಿರಿ ಮನೆಯಿಂದ ತಂದಿದ್ದ ಸೀಸೆಯಿಂದ ಚಮಚದಲ್ಲಿ ಹಾಕಿದಳು. ಆ ಸೀಸೆಯಲ್ಲಿದ್ದದ್ದು ಯಾವ ನೀರೆಂದು ನನಗೆ ಆಗ ಹೊಳೆಯಲಿಲ್ಲ ನಾರಾಯಣ. ಅಷ್ಟೆಲ್ಲ ಗೊತ್ತಿದ್ದವಳಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಭಾನುವಾರ ಮಧ್ಯಾಹ್ನ ಹೋಗಿಬಿಟ್ಟಿತು.

ನೀನು ಮೂರನೆಯ ದಿನ ಹಾಲುತುಪ್ಪದ ಹೊತ್ತಿಗೆ ಬಂದೆ. ಆ ನೊಣದ ಚಿತ್ರದ ಹೆಂಗಸೂ ಮನೆಮನೆ ತಿರುಗುತ್ತ ಬಂದಿದ್ದಳು. ಅಡುಗೆಮನೆಯಲ್ಲಿ ಬಗ್ಗಿ ನೋಡಿ, "ಪಾತ್ರೆಗಳನ್ನು ಹೀಗಿಟ್ಟುಕೊಂಡರೆ ಇನ್ನೇನಾಗುತ್ತೆ? ಎಷ್ಟು ಹೇಳಿದರೂ ನೀವು ಕೇಳುವುದಿಲ್ಲ" ಎಂದಳು. ಮನೆಯಲ್ಲಿ ಸಾವಾಗಿದೆ, ಮೂರು ದಿನದಿಂದ ಒಲೆ ಹತ್ತಿಲ್ಲ, ಪಾತ್ರೆ ಹೇಗಿರಬೇಕಿತ್ತು? ನಾನು ಅವಳ ಮೇಲೆ ಹರಿಹಾಯ್ದೆ. ನೀನು ಬಾಗಿಲ ಹತ್ತಿರ ನಿಂತು ಚಪ್ಪಲಿ ನೋಡುತ್ತಿದ್ದೆ. ಹೊರಡುವಾಗ ಕದಿರಿಯ ತಲೆ ಸವರಿ ಹೇಳಿದೆಯಲ್ಲ, "ಆದದ್ದಾಯ್ತು ಕಣಮ್ಮಾ. ಇನ್ ಮುಂದೆ ಸುಚಿಯಾಗಿರು." ಹೇಳಿ, ಸಂಜೆ ಗಾಡಿಗೆ ಹೋದೆ.

ಆವತ್ತಿನಿಂದ ಅವಳು ಪಾತ್ರೆ ತಿಕ್ಕುತ್ತಿದ್ದಾಳೆ. ಮಾತಿಗೆ ಹೇಳುತ್ತಿಲ್ಲ. ಬೂದಿ, ಹುಣಸೆಹಣ್ಣು, ಇಟ್ಟಿಗೆ ಪುಡಿ. ತಿಕ್ಕಿದ ಚೊಂಬನ್ನೇ ತಂದು ಮತ್ತೆ ತಿಕ್ಕುತ್ತಾಳೆ. ಬೆರಳ ಸಂದಿ ಒಡೆದು ರಕ್ತ ಬರುತ್ತದೆ, ರಕ್ತ ತಾಕಿತೆಂದು ಅದನ್ನೂ ತೊಳೆಯುತ್ತಾಳೆ. ಸೊಣ್ಣಪ್ಪ ನನ್ನ ಹತ್ತಿರ ಬಂದು ಅತ್ತ. "ನೀವಾದ್ರೂ ಏಳಿ ಅಕ್ಕಯ್ಯಾ. ಮಗೀನ ನಾನೇ ಕೊಂದೆ, ನನ್ ಕೊಳಕೇ ಕೊಂತು ಅಂತವಳೆ." ಅವಳು ಯಾವ ಕಾಲಕ್ಕೂ ಕೊಳಕಿ ಅಲ್ಲ, ನಿನಗೆ ಗೊತ್ತಿಲ್ಲವೇ? ನಮ್ಮ ಮೂವರಲ್ಲಿ ಚಿಕ್ಕಂದಿನಿಂದ ಶುಚಿಯಾಗಿದ್ದವಳು ಅವಳೊಬ್ಬಳೇ. ಅವಳ ತಲೆಗೆ ಆ ಮಾತನ್ನು ಹಾಕಿದ್ದು ನೊಣದ ಚಿತ್ರದ ಹೆಂಗಸು, ಆ ಹೆಂಗಸಿಗೆ ಹೇಳಿಕೊಟ್ಟದ್ದು ನಿನ್ನ ರಿಪೋರ್ಟು, ನಿನ್ನ ರಿಪೋರ್ಟಿಗೆ ಆ ಮಾತು ಬಂದದ್ದು ಒಂದು ಚಿಹ್ನೆಯನ್ನು ನೀನು ಅಳಿಸಿದ್ದರಿಂದ.

ಮುಂದಿನದು ನಿನಗೆ ಗೊತ್ತಿಲ್ಲದ ಸಂಗತಿ, ಓದು. ಮಗು ಹೋದ ಎರಡನೆಯ ವಾರ ನಾನು ರಜೆ ಹಾಕಿ ಲೈನಿಗೆ ಹೋದೆ. ಹೋದ ವರ್ಷವೇ ನೀನು ಮಾಡಬೇಕಾಗಿದ್ದ ಕೆಲಸಕ್ಕೆ. ಪೈಪಿನ ಕೆಲಸದ ಆರುಮುಗಂನನ್ನು ಕರೆದುಕೊಂಡು, ಪೈಪು ಎಲ್ಲೆಲ್ಲಿ ಹೋಗಿದೆಯೆಂದು ತೊಟ್ಟಿಯಿಂದ ನೋಡುತ್ತ ಬಂದೆ. ಮೊದಲ ಸಾಲಿನ ಹಿಂದೆ ಅದು ಪಾಯಿಖಾನೆಯ ಚರಂಡಿಯನ್ನು ಹಾಯುತ್ತದೆ. ಅಲ್ಲಿ ಅಗೆ ಎಂದೆ. ಮೊಳದಾಳ ಅಗೆಯುವುದರೊಳಗೆ ಅವನು ಮೂಗು ಮುಚ್ಚಿಕೊಂಡು ನಿಂತ.

"ಟೀಚರಮ್ಮಾ, ಇಂಗೆ ಪಾರುಂಗ, ಇಲ್ಲಿ ನೋಡಿ. ಜಾಯಿಂಟ್ ಬಿಟ್ಕೊಂಡೈತೆ. ಸುತ್ತಿರೋ ನಾರೆಲ್ಲಾ ಕೊಳ್ತೋಗೈತೆ."

ಪೈಪು ಚರಂಡಿ ನೀರಿನಲ್ಲೇ ಮುಳುಗಿತ್ತು. ನೀರು ಬಿಟ್ಟಾಗ ಆ ಬಿರುಕಿನಿಂದ ಹೊರಗೆ ಚಿಮ್ಮುತ್ತದೆ, ನಿಲ್ಲಿಸಿದಾಗ ಪೈಪು ಬರಿದಾಗಿ ಚರಂಡಿಯದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ ಎಂದು ಅವನು ವಿವರಿಸಿದ. ದಿನಕ್ಕೆರಡು ಗಂಟೆ ಬಿಡುವ ನಲ್ಲಿ, ಉಳಿದ ಹೊತ್ತೆಲ್ಲ ಅದೇ ಕೆಲಸ. ಯಾವಾಗಿನಿಂದ ಹೀಗಿದ್ದೀತು ಎಂದು ಕೇಳಿದೆ. "ಆಕಿದ್ ಮೊದಲ್ನೇ ಮಳೆಗಾಲ್ದಿಂದ್ಲೇ ಇರ್ಬೇಕಮ್ಮಾ" ಎಂದ. ಎರಡನೆಯ ಸಾಲಿಗೆ ಹೋಗುವ ಪೈಪು ಆ ಜಾಯಿಂಟಿನಿಂದ ಮುಂದೆಯೇ ಕವಲೊಡೆದಿತ್ತು.

ಅಷ್ಟರಲ್ಲಿ ಅಶ್ವತ್ಥಪ್ಪ ಛತ್ರಿ ಹಿಡಿದುಕೊಂಡು ಬಂದ. ಗುಂಡಿ ನೋಡಿ ಕೂಗಾಡಿದ. "ಏನಮ್ಮಾ, ಯಾರ್ನ ಕೇಳಿ ಅಗ್ಸಿದ್ರಿ? ಗೌರ್ಮೆಂಟ್ನೋರೇ ನಲ್ಲಿ ಒಳ್ಳೇದು, ಎಲ್ಲಾ ಸಾಲಿಗೂ ಆಕ್ಸು ಅಂತ ರಿಪೋರ್ಟ್ ಕೊಟ್ಟವ್ರೆ. ಬರ್ದೋರು ನಿಮ್ ತಮ್ಮಾನೇ ಅಂತಲ್ಲಾ?"

ಇಪ್ಪತ್ತು ವರ್ಷ ತರಗತಿಯಲ್ಲಿ ನಿಂತು ಮಾತಾಡಿದವಳು, ಕಂಟ್ರಾಕ್ಟರನ ಮುಂದೆ ನಿನ್ನ ದೆಸೆಯಿಂದ ತಲೆ ತಗ್ಗಿಸಬೇಕಾಯಿತು. ಸಾಲಿನ ಗಂಡಸರು ಗುಂಡಿಯ ಸುತ್ತ ಸೇರಿ ಒಳಗೆ ನೋಡಿದ ಮೇಲೆ ಅವನು ದನಿ ತಗ್ಗಿಸಿದ. ಅವತ್ತೇ ನಲ್ಲಿಗೆ ಬೀಗ ಬಿತ್ತು. ಎಲ್ಲರೂ ಮತ್ತೆ ಬಾವಿಗೆ ಹೋಗುತ್ತಿದ್ದಾರೆ. ಅದಾದ ಮೇಲೆ ಆ ಎರಡು ಸಾಲಿನಲ್ಲಿ ಹೊಸದಾಗಿ ಯಾರೂ ಮಲಗಿಲ್ಲ.

ಕದಿರಿಯನ್ನು ಕೈಹಿಡಿದು ಎಳೆದುಕೊಂಡು ಹೋಗಿ ಗುಂಡಿ ತೋರಿಸಿದೆ. ತಪ್ಪು ನಿನ್ನದಲ್ಲ, ಇದರದ್ದು ಎಂದೆ. ಅವಳು ಬಗ್ಗಿ ನೋಡಿದಳು. "ಅಂಗಾದ್ರೆ ಅಣ್ಣನ್ ಲೆಕ್ಕದಾಗೆ ಯಾಕೆ ಬರ್ಲಿಲ್ಲ ಅಕ್ಕಾ?" ಎಂದಳು. ಬಂದಿತ್ತು ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಮನೆಗೆ ಹೋಗಿ ಮತ್ತೆ ಬೂದಿ ಹಿಡಿದು ಕೂತಳು.

ಈಗ ಲೇಖನದ ವಿಷಯ ಮುಗಿಸುತ್ತೇನೆ. "ಚರವನ್ನು ಕೈಬಿಟ್ಟು ಲೆಕ್ಕವನ್ನು ಶುದ್ಧಗೊಳಿಸುತ್ತಾನೆ" ಎಂಬಲ್ಲಿಗೆ ನೀನು ನಿಲ್ಲಿಸಿದ್ದೆ. ನಾನು ಮುಂದಕ್ಕೆ ಬರೆದಿದ್ದೇನೆ. ಕೈಬಿಟ್ಟಾಗ ತಾಯಂದಿರ ಸಹಗುಣಕ ಹೇಗೆ ಉಬ್ಬಿತು, ಅದನ್ನು ನಂಬಿ ಏನೇನು ಮಾಡಿದರು, ಚರಂಡಿಯಲ್ಲಿ ಅಗೆದಾಗ ಏನು ಸಿಕ್ಕಿತು, ಎಲ್ಲವನ್ನೂ ನಾಲ್ಕು ಪುಟದಲ್ಲಿ ಸೇರಿಸಿದ್ದೇನೆ. ಲೈನಿನ ಹೆಸರು ಬರೆದಿದ್ದೇನೆ. ಮಗುವಿನ ಹೆಸರು ಬರೆದಿದ್ದೇನೆ. ಮೊನ್ನೆ ಶುಕ್ರವಾರ ರಿಜಿಸ್ಟರ್ ಪೋಸ್ಟಿನಲ್ಲಿ ನೇರವಾಗಿ ಸಂಪಾದಕರಿಗೇ ಕಳಿಸಿಯಾಯಿತು. ಲೇಖಕರ ಜಾಗದಲ್ಲಿ ನಿನ್ನ ಹೆಸರೇ ಇದೆ. ನಿನಗೆ ಬೇಡವಾದರೆ ಅವರಿಗೆ ಒಂದು ಕಾರ್ಡು ಬರೆ, ಅಗೆದಾಗ ಸಿಕ್ಕಿದ್ದು ಸುಳ್ಳು ಎಂದು ಬರೆ. ಬರೆದ ಮೇಲೆ ನನಗೂ ಒಂದು ಪ್ರತಿ ಕಳಿಸು. ಸಾಹೇಬರು ಏನೆಂದಾರು, ಬಡ್ತಿ ಏನಾದೀತು ಎಂದು ನಿನ್ನ ಹೆಂಡತಿ ಅಳುತ್ತಾಳೆ. ಅಳಲಿ. ಅವಳು ಹುಟ್ಟಿ ಬೆಳೆದ ಸಾಲಿನ ವಿಷಯವೇ ಅಲ್ಲವೇ.

ನೀನು ಹೆದರಿಕೆಯವನು, ಮೇಲಿನವರು ಕೆಮ್ಮಿದರೆ ಎದ್ದು ನಿಲ್ಲುವವನು, ಅಪ್ಪನ ಹಾಗೆ. ಇಷ್ಟು ದಿನ ನಾನು ಹಾಗೆಂದುಕೊಂಡೇ ನಿನ್ನನ್ನು ಬೈದೆ. ಹೆದರಿದವನನ್ನು ಎಂದಾದರೂ ಕ್ಷಮಿಸಬಹುದೆಂದೂ ಅಂದುಕೊಂಡಿದ್ದೆ.

ಮಕ್ಕಳಿಬ್ಬರಿಗೂ ದೊಡ್ಡತ್ತೆಯ ಮುತ್ತು, ಆಶೀರ್ವಾದ. ಅವರಿಗೆ ಆಯುಸ್ಸು ಆರೋಗ್ಯ ಕೊಡಲೆಂದು ದಿನವೂ ಕೇಳಿಕೊಳ್ಳುತ್ತೇನೆ. ನಿನಗೆ ಮೇಲೆ ಬರೆದ ಆಶೀರ್ವಾದ ಸಾಕು, ಅದೂ ಅಭ್ಯಾಸಬಲದಿಂದ ಬಂದದ್ದು.

ಇತಿ,
ಗಂಗರತ್ನಮ್ಮ

ತಾ.ಕ.: ನಿನ್ನ ಅತ್ತೆ ಅಕ್ಕಯ್ಯಮ್ಮನವರು ಹೋದ ಭಾನುವಾರ ಬಂಗಾರಪೇಟೆಗೆ ಬಂದವರು ನನ್ನ ಮನೆಗೂ ಬಂದಿದ್ದರು. ನಿಮ್ಮ ಮನೆಯಲ್ಲಿ ಎಲ್ಲರೂ ಹೇಗೋ ಪಾರಾದಿರಲ್ಲ ಎಂದೆ. ಆಕೆಗೆ ಕಪಟ ತಿಳಿಯದು. ಹೆಮ್ಮೆಯಿಂದಲೇ ಹೇಳಿದರು: "ನಮ್ಮಳಿಯ ಏಳಿದ್ದೇ ಒಳ್ಳೇದಾಯ್ತು ಕಣಮ್ಮಾ. ಓದ್ ವರ್ಸ ಬ್ಯಾಸ್ಗೇಲೇ ಬಂದು, ಅತ್ತೆ, ನಲ್ಲಿ ನೀರು ಬಾಯಿಗಾಕ್ಬ್ಯಾಡಿ, ಬಾವೀದೇ ತನ್ನಿ, ಯಾರ್ ಮುಂದೂ ಆಡ್ಬ್ಯಾಡಿ ಅಂದಿದ್ರು." ಆಗಲೇ, ಆ ಬೇಸಿಗೆಯಲ್ಲೇ. ನೀನು ಆ ಪ್ಲಸ್ಸನ್ನು ನಂಬಿದ್ದೆ. ನಂಬಿಯೇ ಅಳಿಸಿದೆ. ಆಮೇಲೆ ಸಂಕ್ರಾಂತಿಯಲ್ಲಿ ಬಂದು ನಿನ್ನ ತಂಗಿಗೆ ಏನೂ ಆಗುವುದಿಲ್ಲ ಎಂದೆ.

ಮೊನ್ನೆ ಆಯುಧಪೂಜೆಯ ದಿನ ಕದಿರಿ ಕೈಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ನನ್ನನ್ನು ಕೇಳಿದಳು: "ಅಕ್ಕಾ, ಸಂಕ್ರಾಂತೀಲಿ ಬಂದಾಗ ಅಣ್ಣ ನಮ್ಮನೇಲಿ ನೀರು ಕುಡೀಲೇ ಇಲ್ಲ. ಕೊಟ್ಟಿದ್ ಚೊಂಬ್ನ ಅಂಗೇ ಕೆಳಗಿಟ್ಬಿಡ್ತು. ನನ್ ಪಾತ್ರೆ ಆಗ್ಲೇ ಅಷ್ಟು ಕೊಳಕಾಗಿತ್ತಾ?"

ಅವಳಿಗೆ ನಾನು ಏನೂ ಹೇಳಿಲ್ಲ. ನೀನೇ ಬಂದು ಹೇಳು.